ತುಮಕೂರಿನ ಎಕ್ಸಿಬಿಷನ್ನಿನಲ್ಲಿ ತಿರುಗುವ ಗೋಪುರ: ನೂರು ರೂಪಾಯಿಗೆ ಸಿಕ್ಕಿದ್ದೇನು?

ಬೇಸಿಗೆ ರಜೆಯಲ್ಲಿ ತುಮಕೂರಿನ ಬಯಲೊಂದರಲ್ಲಿ ಬಿಡಾರ ಹೂಡಿದ್ದ ಎಕ್ಸಿಬಿಷನ್ನಿಗೆ ಜೈಂಟ್ ವೀಲ್ ಮತ್ತು ಕೊಲಂಬಸ್ ದೋಣಿಯ ಜೊತೆಗೆ ಈ ಸಲ ಹೊಸದೊಂದು ಆಟ ಬಂದಿತ್ತು. ಆರು ಅಂತಸ್ತಿನ ಕಟ್ಟಡದಷ್ಟು ಎತ್ತರದ ಉಕ್ಕಿನ ಕಂಬ, ಅದರ ಸುತ್ತ ಕೊಡೆಯ ಕಡ್ಡಿಗಳಂತೆ ಚಾಚಿಕೊಂಡ ತೋಳುಗಳು, ತೋಳಿನ ತುದಿಗಳಿಂದ ಚೈನಿನಲ್ಲಿ ಇಳಿಬಿಟ್ಟ ಇಬ್ಬಿಬ್ಬರ ಕುರ್ಚಿಗಳು. ಜನ ಅದನ್ನು ಸುಮ್ಮನೆ 'ಟವರ್' ಎನ್ನುತ್ತಿದ್ದರು. ವಿಯೆನ್ನಾದ ಪ್ರಾಟರ್ ಉದ್ಯಾನದಲ್ಲಿ 2010ರಿಂದ ಇರುವ ಇದೇ ಜಾತಿಯ ಗೋಪುರದ ಎತ್ತರ 117 ಮೀಟರ್ ಆದ್ದರಿಂದ ನಮ್ಮೂರಿಗೆ ಬಂದದ್ದು ಅದರ ಮುಂದೆ ಕೂಸೇ ಸರಿ. ಆದರೆ ಕಾಲ ಕೆಳಗೆ ನೆಲವಿಲ್ಲದೆ ಕುಳಿತವನಿಗೆ ಆರು ಅಂತಸ್ತೂ ಕಡಿಮೆಯಲ್ಲ. ಟಿಕೆಟ್ ತಲೆಗೆ ನೂರು ರೂಪಾಯಿ.

ಅಂತರಸನಹಳ್ಳಿಯ ಕಾರ್ಖಾನೆಯೊಂದರ ಮೆಂಟೆನೆನ್ಸ್ ವಿಭಾಗದಲ್ಲಿ ಬಹುಕಾಲ ದುಡಿದ ನನಗೆ ಯಾವುದೇ ಯಂತ್ರವನ್ನು ಹತ್ತುವ ಮೊದಲು ಅದರ ಸುತ್ತ ಒಂದು ಸಲ ಬರುವ ಚಾಳಿಯಿದೆ. ಮೊಮ್ಮಗಳು ಕೈ ಎಳೆಯುತ್ತಿದ್ದರೂ ಬೇಲಿಯ ಹೊರಗೆ ನಿಂತು ಎರಡು ಸುತ್ತಿನ ಆಟವನ್ನು ಪೂರ್ತಿ ನೋಡಿದೆ. ಇಲ್ಲಿ ನಡೆಯುವುದು ಎರಡು ಬೇರೆ ಬೇರೆ ಕೆಲಸ. ಕಂಬವನ್ನು ಸುತ್ತುವರಿದ ಚೌಕಟ್ಟು ತನ್ನ ಗಾಲಿಗಳ ಮೇಲೆ ಕಂಬದುದ್ದಕ್ಕೂ ಏರುತ್ತದೆ; ಆ ಚೌಕಟ್ಟಿನ ಮೇಲೆ ಕೂರಿಸಿದ ದೊಡ್ಡ ಬಳೆಯಂಥ ಬೇರಿಂಗ್, ತೋಳು ಕುರ್ಚಿಗಳ ಭಾರವನ್ನೆಲ್ಲ ಹೊತ್ತು ತಿರುಗುತ್ತದೆ. ಹಿಟಾಚಿಯಂಥ ಮಣ್ಣು ಅಗೆಯುವ ಯಂತ್ರದ ಮೇಲ್ಭಾಗ ಅಥವಾ ಕಟ್ಟಡದ ಕ್ರೇನು ತಿರುಗುವುದೂ ಇಂಥದೇ ಬೇರಿಂಗಿನ ಮೇಲೆ. ಅದರ ಅಂಚಿನ ಹಲ್ಲುಗಳಿಗೆ ಮೋಟರಿನ ಚಿಕ್ಕ ಗೇರು ಕಚ್ಚಿಕೊಂಡಿರುತ್ತದೆ. ತಿರುಗುವ ಭಾಗದ ಬಣ್ಣದ ದೀಪಗಳಿಗೆ ನೇರವಾಗಿ ವೈರು ಎಳೆದರೆ ಹತ್ತು ಸುತ್ತಿಗೇ ಹುರಿಗೊಂಡು ಹರಿಯುತ್ತದಾದ್ದರಿಂದ ತಾಮ್ರದ ಬಳೆಗಳ ಮೇಲೆ ಕಾರ್ಬನ್ ಬ್ರಷ್ಷುಗಳನ್ನು ಉಜ್ಜಿಸಿ ಕರೆಂಟು ದಾಟಿಸುತ್ತಾರೆ.

ಏರಿಸುವ ವ್ಯವಸ್ಥೆ ನನಗೆ ಇನ್ನೂ ಹಿಡಿಸಿತು. ಕಂಬದ ಬುಡದಲ್ಲಿದ್ದ ಪಂಪು ಎಣ್ಣೆಯನ್ನು ಒತ್ತಿ ಉದ್ದನೆಯ ಸಿಲಿಂಡರಿನ ದಂಡವನ್ನು ಮೇಲೆ ದೂಡುತ್ತದೆ. ದಂಡದ ತಲೆಯ ರಾಟೆಯ ಮೇಲೆ ಹಾಯ್ದ ಉಕ್ಕಿನ ಹಗ್ಗ ಚೌಕಟ್ಟನ್ನು ಎಳೆದುಕೊಳ್ಳುತ್ತದೆ. ದಂಡ ಒಂದು ಅಡಿ ಮೇಲೆ ಹೋದರೆ ಚೌಕಟ್ಟು ಎರಡು ಅಡಿ ಏರುತ್ತದೆ, ಗೋದಾಮಿನ ಫೋರ್ಕ್‌ಲಿಫ್ಟಿನಲ್ಲಿ ಇರುವ ಉಪಾಯವೇ ಇದು. ಮೇಲಿದ್ದಾಗ ಜನರೇಟರ್ ಕೈಕೊಟ್ಟರೆ ಏನು ಗತಿ ಎಂದು ಆಪರೇಟರನ್ನು ಕೇಳಿದೆ. "ಎಣ್ಣೆ ನಿಧಾನಕ್ಕೆ ವಾಪಸ್ ಬಿಡ್ತೀವಿ ಸರ್, ಅದರ ಭಾರಕ್ಕೆ ಅದೇ ಇಳಿಯುತ್ತೆ" ಎಂದು ಬುಡದಲ್ಲಿದ್ದ ಕೆಂಪು ಹಿಡಿಕೆಯನ್ನು ತೋರಿಸಿದ. ಕೇಳಿದ್ದಕ್ಕೆ ತಡವರಿಸದೆ ಉತ್ತರ ಕೊಟ್ಟನಲ್ಲ, ನಾನು ಟಿಕೆಟ್ ಕೊಂಡದ್ದು ಆಮೇಲೆ.

ಹತ್ತುವಾಗ ಸಣ್ಣ ಜಗಳವಾಯಿತು. ನಾವು ನಾಲ್ವರೂ ಅಕ್ಕಪಕ್ಕದ ಎರಡು ಕುರ್ಚಿಗಳಲ್ಲಿ ಕೂರಬೇಕೆಂದಿದ್ದೆವು, ಆಪರೇಟರ್ ಒಪ್ಪಲಿಲ್ಲ. ನನ್ನನ್ನೂ ಮೊಮ್ಮಗಳನ್ನೂ ಒಂದು ಕಡೆ ಕೂರಿಸಿ, ನನ್ನ ಹೆಂಡತಿಯನ್ನೂ ಆಕೆಯ ತಮ್ಮನನ್ನೂ ಸರಿಯಾಗಿ ಎದುರುಬದಿಗೆ ಕಳುಹಿಸಿದ. ನನ್ನ ಭಾವಮೈದುನ ತೂಕದಲ್ಲಿ ಕ್ವಿಂಟಲಿಗೆ ಹತ್ತಿರದ ಆಳು, ಇದನ್ನು ಅವಮಾನವೆಂದೇ ತಿಳಿದು ಗೊಣಗಿದರು. ಆದರೆ ತಪ್ಪು ನಮ್ಮದೇ. ಅರ್ಧ ಕುರ್ಚಿಗಳು ಖಾಲಿಯಿರುವಾಗ ಜನರೆಲ್ಲ ಒಂದೇ ಬದಿಯಲ್ಲಿ ಕುಳಿತರೆ ತಕ್ಕಡಿಯ ಒಂದೇ ತಟ್ಟೆಗೆ ಕಲ್ಲು ಹಾಕಿದಂತಾಗಿ, ಆ ಓರೆಭಾರ ಪ್ರತಿ ಸುತ್ತಿನಲ್ಲೂ ಕಂಬವನ್ನು ಬೇರೆ ಬೇರೆ ದಿಕ್ಕಿಗೆ ಜಗ್ಗುತ್ತದೆ. ಬೇರಿಂಗಿನ ಆಯುಸ್ಸೂ ತಗ್ಗುತ್ತದೆ. ಗಿರಾಕಿಯ ಮುಖ ಕೆಟ್ಟರೂ ಸರಿ ಎಂದು ಸಮತೂಕ ನೋಡಿ ಕೂರಿಸುವವನಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಮಡಿಲಿಗೆ ಅಡ್ಡವಾಗಿ ಬರುವ ಸರಳನ್ನು ಹಾಕಿ, ಅದರ ಪಿನ್ನನ್ನು ತೂರಿಸಿ, ಕಾಲುಗಳ ನಡುವಿನ ಪಟ್ಟಿಯನ್ನು ಬಿಗಿದು, ಕೊನೆಗೆ ಸರಳನ್ನು ಒಮ್ಮೆ ಬಲವಾಗಿ ಮೇಲಕ್ಕೆ ಜಗ್ಗಿ ನೋಡಿಯೇ ಆತ ಮುಂದಿನ ಕುರ್ಚಿಗೆ ಹೋದ. ಚಪ್ಪಲಿಗಳನ್ನು ತರಕಾರಿ ಕ್ರೇಟಿನಲ್ಲಿ ಬಿಡಿಸಿಕೊಂಡ. ಮೇಲಿನಿಂದ ಬೀಳುವ ಚಪ್ಪಲಿ ಕೆಳಗಿದ್ದವರ ತಲೆಗೆ ತಮಾಷೆಯಲ್ಲ.

ಮೊದಲು ನೆಲದ ಹತ್ತಿರವೇ ಮೆಲ್ಲಗೆ ತಿರುಗತೊಡಗಿ, ತಿರುಗುತ್ತಲೇ ಏರಿದೆವು. ಬೇರಿಂಗಿನಿಂದ ಗರಗರ ಸದ್ದು ಬಂದೀತೇ ಎಂದು ಕಿವಿಗೊಟ್ಟು ಕುಳಿತಿದ್ದೆ, ಬರಲಿಲ್ಲ. ಗ್ರೀಸ್ ಸರಿಯಾಗಿ ಹಾಕಿದ್ದರು. ತುದಿ ಮುಟ್ಟಿದ ಮೇಲೆ ವೇಗ ಹೆಚ್ಚಿ ಚೈನುಗಳು ಲಂಗದ ಅಂಚಿನಂತೆ ಹೊರಕ್ಕೆ ಹರಡಿಕೊಂಡವು. ಆಗ ಎದುರುಬದಿಗೆ ಕಣ್ಣು ಹೋಯಿತು: ಭಾವಮೈದುನರ ಭಾರದ ಕುರ್ಚಿ, ಅದರ ಪಕ್ಕದಲ್ಲಿ ಇಬ್ಬರು ಹುಡುಗರ ಹಗುರ ಕುರ್ಚಿ, ಅದರಾಚೆ ಯಾರೂ ಇಲ್ಲದ ಖಾಲಿ ಕುರ್ಚಿ, ಮೂರರ ಚೈನುಗಳೂ ಒಂದೇ ಓರೆಯಲ್ಲಿದ್ದವು. ಖಾಲಿಯದು ಗಾಳಿಗೆ ಸ್ವಲ್ಪ ಹೊಯ್ದಾಡುತ್ತಿತ್ತು, ಅಷ್ಟೇ ವ್ಯತ್ಯಾಸ. ಭಾರ ಹೆಚ್ಚಿದಷ್ಟೂ ಹೊರಗೆ ಸಿಡಿಯುವ ಸೆಳೆತ ಹೆಚ್ಚುತ್ತದೆ, ಆದರೆ ಕೆಳಗೆಳೆಯುವ ಗುರುತ್ವವೂ ಅಷ್ಟೇ ಪಾಲು ಹೆಚ್ಚುವುದರಿಂದ ತೂಕದ ಲೆಕ್ಕ ಎರಡೂ ಕಡೆ ವಜಾ ಆಗಿಬಿಡುತ್ತದೆ. ಓರೆಯನ್ನು ನಿರ್ಧರಿಸುವುದು ವೇಗ ಮತ್ತು ಸುತ್ತಿನ ಅಗಲ ಮಾತ್ರ. ನಿಮಿಷಕ್ಕೆ ಎಂಟು ಸುತ್ತು ಎಣಿಸಿದೆ. ನಡುಗಂಬದಿಂದ ನಾವು ಸುಮಾರು ಏಳು ಮೀಟರ್ ದೂರದಲ್ಲಿದ್ದೆವು ಎಂದಿಟ್ಟುಕೊಂಡರೆ ಚೈನು ನೇರದಿಂದ 27 ಡಿಗ್ರಿಯಷ್ಟು ಓರೆಯಾಗಬೇಕು, ಕುರ್ಚಿಯ ವೇಗ ಗಂಟೆಗೆ 21 ಕಿ.ಮೀ. ಇರಬೇಕು. ಸಂಜೆಯ ಬಿ.ಎಚ್. ರಸ್ತೆಯಲ್ಲಿ ಸ್ಕೂಟರಿಗೆ ಸಿಗುವ ವೇಗವೂ ಅಷ್ಟೇ! 60 ಕೆ.ಜಿ. ಮನುಷ್ಯನಿಗೆ ತಾನು 67 ಕೆ.ಜಿ. ಇದ್ದೇನೆ ಅನಿಸುವಷ್ಟೇ ಒತ್ತಡ ಕುರ್ಚಿಯಿಂದ ಬರುತ್ತದೆ. ಸುತ್ತುಗಳನ್ನು ಇಮ್ಮಡಿ ಮಾಡಿದರೆ ಮಾತ್ರ, ಅದೇ ಅಗಲಕ್ಕೆ ಹೊರಸೆಳೆತ ನಾಲ್ಮಡಿಯಾಗುತ್ತದೆ. ಆದ್ದರಿಂದಲೇ ಆಪರೇಟರನ ಕೈ ವೇಗದ ಗುಂಡಿಯ ಮೇಲೆ ಹಗುರವಾಗಿರಬೇಕು.

ಅಂದರೆ ಈ ಆಟದ ಭಯವೆಲ್ಲ ಎತ್ತರದ್ದು, ವೇಗದ್ದಲ್ಲ. ಕೊಲಂಬಸ್ಸಿನಂತೆ ಹೊಟ್ಟೆ ತೊಳಸುವುದಿಲ್ಲ, ಜೈಂಟ್ ವೀಲಿನಂತೆ ಇಳಿಯುವಾಗ ಜೀವ ಬಾಯಿಗೆ ಬರುವುದಿಲ್ಲ. ಮುಸ್ಸಂಜೆಯಲ್ಲಿ ಒಂದು ಸುತ್ತಿಗೆ ಒಮ್ಮೆ ದೇವರಾಯನದುರ್ಗದ ಸಾಲು ಕಪ್ಪಗೆ ಕಾಣಿಸಿ, ಹಿಂದೆಯೇ ಹೆದ್ದಾರಿಯ ದೀಪಗಳ ಸಾಲು ಬರುತ್ತಿತ್ತು. ಮೊಮ್ಮಗಳು ಮೊದಲ ಎರಡು ಸುತ್ತು ನನ್ನ ಅಂಗಿಯ ತೋಳು ಹಿಡಿದಿದ್ದವಳು ಮೂರನೆಯದಕ್ಕೆ ಕೈಬಿಟ್ಟು "ತಾತ, ಅಮಾನಿಕೆರೆ ಎಲ್ಲಿ?" ಎಂದು ಹುಡುಕತೊಡಗಿದಳು.

ದೂರುಗಳೂ ಇವೆ. ಟಿಕೆಟ್ ಕೌಂಟರಿನವನು ಐದು ನಿಮಿಷ ಎಂದಿದ್ದ. ನೆಲ ಬಿಟ್ಟು ಮತ್ತೆ ನೆಲ ಮುಟ್ಟುವವರೆಗೆ ನನ್ನ ಗಡಿಯಾರದಲ್ಲಿ ಮೂರು ನಿಮಿಷವೂ ಆಗಿರಲಿಲ್ಲ. ಹತ್ತಿಸುವ, ಇಳಿಸುವ ಹೊತ್ತನ್ನೂ ಆಟದ ಲೆಕ್ಕಕ್ಕೆ ಸೇರಿಸುವುದು ನ್ಯಾಯವಲ್ಲ. ಅದಕ್ಕಿಂತ ದೊಡ್ಡ ದೂರು ಸೂಚನಾ ಫಲಕದ್ದು: ಎಷ್ಟು ಎತ್ತರದ ಮಕ್ಕಳನ್ನು ಹತ್ತಿಸಬಹುದು, ಬಸುರಿಯರು, ಹೃದ್ರೋಗಿಗಳು ಏಕೆ ಹತ್ತಬಾರದು ಎಂಬುದೆಲ್ಲ ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಇತ್ತು, ಕನ್ನಡದಲ್ಲಿ ಒಂದಕ್ಷರವೂ ಇರಲಿಲ್ಲ. ಸುತ್ತಲಿನ ಹಳ್ಳಿಗಳಿಂದ ಟ್ರ್ಯಾಕ್ಟರಿನಲ್ಲಿ ಬರುವ ಜನಕ್ಕೆ ಓದಲಾಗದ ಎಚ್ಚರಿಕೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹೇಳಿ ಬಂದಿದ್ದೇನೆ. ಗಾಳಿಯ ವೇಗ ಅಳೆಯುವ ಸಾಧನವೂ ನನಗೆ ಕಾಣಲಿಲ್ಲ, ತುದಿಯಲ್ಲಿ ಒಂದು ಕೆಂಪು ಬಟ್ಟೆ ಕಟ್ಟಿದ್ದರು. ಚೈನಿನಲ್ಲಿ ತೂಗುವ ಕುರ್ಚಿಗಳಿಗೆ ಬಿರುಗಾಳಿಯೇ ಮೊದಲ ಶತ್ರು. ಬಟ್ಟೆ ನೋಡಿ ಅಂದಾಜಿಸುವುದು ನನ್ನಂಥವನಿಗೆ ಸಮಾಧಾನ ಕೊಡುವುದಿಲ್ಲ.

ಮೊಮ್ಮಗಳ ಹಟಕ್ಕೆ ಮುಂದಿನ ವಾರ ಮತ್ತೆ ಹೋದೆವು. ಟಿಕೆಟ್ ಕೊಂಡು ಸಾಲಿನಲ್ಲಿ ನಿಂತಿರುವಾಗಲೇ ಮೋಡ ಕವಿದು, ಬಯಲಿನ ಧೂಳೆದ್ದು, ತುದಿಯ ಕೆಂಪು ಬಟ್ಟೆ ಹಲಗೆಯಂತೆ ಅಡ್ಡಕ್ಕೆ ಸೆಟೆದು ನಿಂತಿತು. ಅದೇ ಆಪರೇಟರ್ ಮೇಲಿದ್ದವರನ್ನು ಇಳಿಸಿ, ಕುರ್ಚಿಗಳನ್ನು ಒಂದಕ್ಕೊಂದು ಹಗ್ಗದಿಂದ ಬಿಗಿದು, ಬೇಲಿಯ ಬಾಗಿಲಿಗೆ ಸರಪಳಿ ಹಾಕಿದ. ಸಾಲಿನಲ್ಲಿದ್ದವರು ಕೂಗಾಡಿದರೂ ಬಗ್ಗಲಿಲ್ಲ. ಕೌಂಟರಿನಲ್ಲಿ ನಮ್ಮ ಇನ್ನೂರು ರೂಪಾಯಿಯನ್ನು ಮರುಮಾತಿಲ್ಲದೆ ಹಿಂದಿರುಗಿಸಿದರು. ಆ ಹಣದಲ್ಲಿ ಪಕ್ಕದ ಗಾಡಿಯಲ್ಲಿ ಮೆಣಸಿನಕಾಯಿ ಬಜ್ಜಿ ಕೊಂಡು, ಮೊದಲ ಹನಿ ಬೀಳುವ ಹೊತ್ತಿಗೆ ಆಟೋ ಹಿಡಿದೆವು.