ಡಯಾಲಿಸಿಸ್‌ನಲ್ಲಿರುವ ಅಮ್ಮನ ಅಡುಗೆಗೆ ಮೂರು ವರ್ಷ ಕಿಚನ್ ಸ್ಕೇಲ್ ಬಳಸಿದ ಮೇಲೆ

ಮೂರು ವರ್ಷದ ಹಿಂದೆ 450 ರೂಪಾಯಿ ಕೊಟ್ಟು ಒಂದು ಡಿಜಿಟಲ್ ಕಿಚನ್ ಸ್ಕೇಲ್ ತಗೊಂಡೆ. ಕೇಕ್ ಮಾಡುವವರು ಇಟ್ಟುಕೊಂಡಿರುತ್ತಾರಲ್ಲ, ಅದೇ. 5 ಕೆಜಿವರೆಗೆ ತೂಗುತ್ತದೆ, ಒಂದೊಂದು ಗ್ರಾಂ ಲೆಕ್ಕದಲ್ಲಿ ತೋರಿಸುತ್ತದೆ. ನಾನು ತಗೊಂಡದ್ದು ಅಮ್ಮನಿಗೋಸ್ಕರ. ಬಿಪಿಯಿಂದಾಗಿ ಅಮ್ಮನ ಎರಡೂ ಕಿಡ್ನಿ ಹೋಗಿವೆ. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಡಯಾಲಿಸಿಸ್. ಕಿಡ್ನಿ ರೋಗಿಗಳ ಮನೆಯಲ್ಲಿ ಈ ಸ್ಕೇಲ್ ಎಷ್ಟು ಉಪಯೋಗಕ್ಕೆ ಬರುತ್ತದೆ ಅಂತ ಆಗ ನನಗೆ ಯಾರೂ ಹೇಳಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಶುರುವಿನ ಎರಡು ತಿಂಗಳು ನಮ್ಮ ಮನೆಯಲ್ಲಿ ಕೇಳಿಸುತ್ತಿದ್ದದ್ದು ಬರೀ "ಬೇಡ". ಬಾಳೆಹಣ್ಣು ಬೇಡ, ಸೊಪ್ಪು ಬೇಡ, ರಾಗಿ ಬೇಡ, ಬೇಳೆ ಬೇಡ, ನೀರು ಬೇಡ. ನಮ್ಮದು ಮಂಡ್ಯ ಕಡೆಯ ಮನೆ. ಅರವತ್ತು ವರ್ಷ ಮುದ್ದೆ ಉಂಡ ಜೀವ. "ನಂಗೇನೂ ಕೊಡಬೇಡಿ ಮಗ, ಗಾಳಿ ಕುಡ್ಕೊಂಡು ಇರ್ತೀನಿ" ಅಂತ ಅಮ್ಮ ತಟ್ಟೆ ಸರಿಸಿಬಿಡುತ್ತಿದ್ದಳು. ತೋಳು ಸಣ್ಣಗಾಯಿತು. ರಕ್ತದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್ ಇಳಿಯಿತು.

ಆಗ ಡಯಟಿಶಿಯನ್ ಮೇಡಂ ನಮ್ಮನ್ನು ಕೂರಿಸಿಕೊಂಡು ಒಂದು ವಿಷಯ ಬಿಡಿಸಿ ಹೇಳಿದರು. ಡಯಾಲಿಸಿಸ್ ಶುರುವಾಗುವ ಮೊದಲು ಪ್ರೋಟೀನ್ ಕಡಿಮೆ ಮಾಡಿಸುತ್ತಾರೆ. ಶುರುವಾದ ಮೇಲೆ ಲೆಕ್ಕ ಉಲ್ಟಾ. ಮಷೀನಿನಲ್ಲಿ ರಕ್ತ ಶುದ್ಧವಾಗುವಾಗ ಪ್ರೋಟೀನಿನ ಅಂಶವೂ ಒಂದಷ್ಟು ಹೊರಗೆ ಹೋಗುತ್ತದೆ. ಅದಕ್ಕೆ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 1ರಿಂದ 1.2 ಗ್ರಾಂ ಬೇಕು. ಅಮ್ಮ 52 ಕೆಜಿ. ಅಂದರೆ 52ರಿಂದ 62 ಗ್ರಾಂ. ನಾವು ಕೊಡುತ್ತಿದ್ದದ್ದು ಅದರ ಅರ್ಧವೂ ಇರಲಿಲ್ಲ! ಹಳೇ ಚೀಟಿಯನ್ನೇ ಹಿಡಿದುಕೊಂಡು ಪಥ್ಯ ಮಾಡಿಸುತ್ತಿದ್ದೆವು. "ಒಂದು ತೂಕದ ಸ್ಕೇಲ್ ತಗೊಳ್ಳಿ, ಎಲ್ಲಾ ಬಿಡಿಸಬೇಡಿ" ಅಂದರು. ಅವತ್ತು ಸಂಜೆಯೇ ತಗೊಂಡೆ.

ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಟೇರ್ ಬಟನ್. ಪಾತ್ರೆ ಇಟ್ಟು ಒತ್ತಿದರೆ ಪಾತ್ರೆಯ ತೂಕ ಬಿಟ್ಟು ಸೊನ್ನೆ ಬರುತ್ತದೆ. ಅಕ್ಕಿ ಹಾಕು, ಒತ್ತು, ಬೇಳೆ ಹಾಕು. ಬೆಳಿಗ್ಗೆ ಆತುರದಲ್ಲಿ ಇದೊಂದು ದೊಡ್ಡ ಅನುಕೂಲ. ಈಗ ದಿನಾ ಎರಡು ಮೊಟ್ಟೆಯ ಬಿಳಿಭಾಗ, ಅದರಲ್ಲಿ 7 ಗ್ರಾಂ ಪ್ರೋಟೀನ್. ಹಳದಿ ತೆಗೆಯುವುದು ಅದರಲ್ಲಿ ಫಾಸ್ಫರಸ್ ಜಾಸ್ತಿ ಇರುವುದರಿಂದ. ಫಾಸ್ಫರಸ್, ಪೊಟ್ಯಾಸಿಯಂ ಎರಡನ್ನೂ ಕೆಟ್ಟ ಕಿಡ್ನಿ ಸರಿಯಾಗಿ ಹೊರಹಾಕುವುದಿಲ್ಲ, ರಕ್ತದಲ್ಲೇ ಉಳಿದುಬಿಡುತ್ತವೆ. ಜೊತೆಗೆ ಮೂಳೆ ತೆಗೆದ ಕೋಳಿ ಇಲ್ಲವೇ ಮೀನು, ಹಸಿಯಾಗಿ ತೂಗಿ. ಬೆಂದ ಮೇಲೆ ತೂಗಿದರೆ ನೀರು ಬಿಟ್ಟು ಕಡಿಮೆ ತೋರಿಸುತ್ತದೆ. ಮೊದಮೊದಲು ನಾನು ಹಾಗೇ ಮಾಡಿ ಲೆಕ್ಕ ತಪ್ಪಿದ್ದೆ. ಯಾವುದರಲ್ಲಿ ಎಷ್ಟಿದೆ ಅಂತ ನೋಡಲು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ತಂದ ಆಹಾರ ಕೋಷ್ಟಕ ಇದೆ. ನಮ್ಮ ದೇಶದ 528 ಆಹಾರಗಳ ಲೆಕ್ಕ ಅದರಲ್ಲಿ ಸಿಗುತ್ತದೆ. ನಾನು ನಮಗೆ ಬೇಕಾದ ಮೂವತ್ತು ಬರೆದುಕೊಂಡು ಫ್ರಿಜ್ಜಿನ ಮೇಲೆ ಅಂಟಿಸಿದ್ದೇನೆ.

ಮುದ್ದೆ ವಾಪಸ್ ಬಂದದ್ದೂ ಹೀಗೆಯೇ. 100 ಗ್ರಾಂ ರಾಗಿಯಲ್ಲಿ ಸುಮಾರು 440 ಮಿಲಿಗ್ರಾಂ ಪೊಟ್ಯಾಸಿಯಂ, ಬಿಳಿ ಅಕ್ಕಿಯಲ್ಲಿ ಅದರ ಕಾಲುಭಾಗ ಅಷ್ಟೇ. ಫಾಸ್ಫರಸ್ಸೂ ಅಕ್ಕಿಯ ಎರಡು ಪಟ್ಟು. ಹಾಗಾಗಿ ದಿನಾ ಆಗುವುದಿಲ್ಲ. ಆದರೆ ವಾರಕ್ಕೊಂದು ಸಲ, ಡಯಾಲಿಸಿಸ್ ದಿನ ಬೆಳಿಗ್ಗೆ, 50 ಗ್ರಾಂ ಹಿಟ್ಟಿನ ಮುದ್ದೆಗೆ ಒಪ್ಪಿಗೆ ಸಿಕ್ಕಿತು. ಫಾಸ್ಫರಸ್ ಹಿಡಿಯುವ ಮಾತ್ರೆಯನ್ನು ಅದರ ಜೊತೆಯಲ್ಲೇ ನುಂಗಬೇಕು. ಊಟ ಮುಗಿದು ಒಂದು ಗಂಟೆಯ ಮೇಲೆ ನುಂಗಿದರೆ ಉಪಯೋಗವಿಲ್ಲ. ಮೊದಲ ದಿನ ಆ ನಿಂಬೆಹಣ್ಣಿನಷ್ಟು ಮುದ್ದೆಯನ್ನು ಅಮ್ಮ ಹನ್ನೆರಡು ತುತ್ತು ಮಾಡಿ ಉಂಡಳು. ಒಂದೊಂದನ್ನೂ ಸಾರಿನಲ್ಲಿ ಮೆಲ್ಲಗೆ ಹೊರಳಿಸಿ, ಕಣ್ಣು ಮುಚ್ಚಿ ನುಂಗುತ್ತಿದ್ದಳು. ನಾನು ಒಲೆ ಕಡೆ ತಿರುಗಿ ನಿಂತೆ.

ಇದು ಅಮ್ಮನ ರಕ್ತದ ರಿಪೋರ್ಟ್ ನೋಡಿ ಕೊಟ್ಟ ಲೆಕ್ಕ. ನಿಮ್ಮ ಮನೆಯವರದ್ದು ಬೇರೆ ಇರುತ್ತದೆ, ದಯವಿಟ್ಟು ಕೇಳಿಯೇ ಮಾಡಿ.

ಸೊಪ್ಪಿನ ವಿಷಯ ಹೇಳಲೇಬೇಕು. ತರಕಾರಿ, ಸೊಪ್ಪನ್ನು ಸಣ್ಣಗೆ ಹೆಚ್ಚಿ, ಜಾಸ್ತಿ ನೀರಿನಲ್ಲಿ ಬೇಯಿಸಿ, ಆ ನೀರು ಚೆಲ್ಲಿದರೆ ಪೊಟ್ಯಾಸಿಯಂ ಒಂದಷ್ಟು ಕಡಿಮೆಯಾಗುತ್ತದೆ. ಪೂರ್ತಿ ಹೋಗುವುದಿಲ್ಲ. ಮೇಡಂ ಇದನ್ನು ಹೇಳಿದಾಗ ಅಮ್ಮ, "ಬಸ್ಸಾರಿಗೆ ಬಸಿಯೋದು ಅದೇ ತಾನೆ?" ಅಂದಳು. ಹೌದಲ್ವಾ! ಬಸ್ಸಾರು ಅಂದರೆ ಬಸಿದ ನೀರಿನ ಸಾರೇ. ಹಾಗಾದರೆ ಅಮ್ಮನಿಗೆ ಹೋಗಬಾರದ್ದು ಆ ಕಟ್ಟಿನಲ್ಲಿದೆ. ಈಗ ನಮ್ಮನೆಯಲ್ಲಿ ಬಸ್ಸಾರು ಮಾಡಿದ ದಿನ ಸಾರು ನಮಗೆ. ಬಸಿದು ಹಿಂಡಿದ ಪಲ್ಯ ಅಮ್ಮನಿಗೆ, ತೂಗಿ 60 ಗ್ರಾಂ. ಕುಕ್ಕರಿನಲ್ಲಿ ಬೇಯಿಸಿ ನೀರು ಹಾಗೇ ಬಿಟ್ಟರೆ ಪ್ರಯೋಜನವಿಲ್ಲ.

ನೀರಿಗೂ ಇದೇ ಸ್ಕೇಲ್. ಒಂದು ಮಿಲಿ ನೀರು ಅಂದರೆ ಒಂದು ಗ್ರಾಂ. ಅಮ್ಮನಿಗೆ ಈಗ ದಿನಕ್ಕೆ ಸುಮಾರು 200 ಮಿಲಿ ಮೂತ್ರ ಬರುತ್ತದೆ. ಅದಕ್ಕೆ 500 ಸೇರಿಸಿ 700 ಮಿಲಿ ಕುಡಿಯಬಹುದು. ಬೆಳಿಗ್ಗೆ ಹಿತ್ತಾಳೆ ಚೊಂಬಿಗೆ 700 ಗ್ರಾಂ ನೀರು ತೂಗಿ ಇಡುತ್ತೇನೆ. ಬೇರೆ ಏನು ಕುಡಿದರೂ ಚೊಂಬಿನಿಂದ ಅಷ್ಟು ನೀರನ್ನು ಕನಕಾಂಬರದ ಗಿಡಕ್ಕೆ ಹಾಕಬೇಕು. ಒಂದು ಲೋಟ ಕಾಫಿಗೆ 90, ಸಾರಿಗೆ 60, ಮಜ್ಜಿಗೆಗೆ 100. ಎಷ್ಟು ಉಳಿದಿದೆ ಅಂತ ಅಮ್ಮನಿಗೆ ಕಣ್ಣಿಗೇ ಕಾಣುತ್ತದೆ. ನಾನು ಗದರಬೇಕಾಗಿಲ್ಲ. ಮೊದಲು ಎರಡು ಡಯಾಲಿಸಿಸ್ ನಡುವೆ ಮೂರೂವರೆ ಕೆಜಿ ಏರುತ್ತಿತ್ತು. ಅಷ್ಟು ನೀರು ಒಂದೇ ಸಲಕ್ಕೆ ತೆಗೆಯುವಾಗ ಕಾಲು ಸೆಟೆದುಕೊಂಡು ಅಮ್ಮ ಒದ್ದಾಡುತ್ತಿದ್ದಳು. ಈಗ ಎರಡು ಕೆಜಿ ಒಳಗೇ ಇದೆ. ಕಾಲು ಸೆಟೆಯುವುದು ಅಪರೂಪ.

ಇನ್ನು ಸ್ಕೇಲಿನ ತೊಂದರೆಗಳು.

ಉಪ್ಪಿಗೆ ಇದು ಸಾಲದು. ಚಿಟಿಕೆ ಚಿಟಿಕೆ ಹಾಕುತ್ತಾ ಹೋದರೆ ಅಂಕಿ ಅಲ್ಲಾಡುವುದೇ ಇಲ್ಲ. ನಾನು ಒಂದು ದಾರಿ ಮಾಡಿಕೊಂಡೆ. ಅಮ್ಮನಿಗೆ ದಿನಕ್ಕೆ 4 ಗ್ರಾಂ ಉಪ್ಪು. ಭಾನುವಾರ ಒಂದು ಸ್ಟೀಲ್ ಡಬ್ಬಿಗೆ ಒಟ್ಟಿಗೇ 28 ಗ್ರಾಂ ತೂಗಿ ಹಾಕುತ್ತೇನೆ. ಅಮ್ಮನ ಪಾತ್ರೆಗೆ ಆ ಡಬ್ಬಿಯದ್ದೇ ಉಪ್ಪು. ಶನಿವಾರ ರಾತ್ರಿವರೆಗೆ ಬರಬೇಕು. ಮೊದಲ ವಾರ ಗುರುವಾರಕ್ಕೇ ಖಾಲಿಯಾಗಿತ್ತು!

ಮೊದಲ ಸ್ಕೇಲ್ ಎಂಟೇ ತಿಂಗಳಿಗೆ ಕೆಟ್ಟಿತು. ಬಟನ್ ಒಳಗೆ ಬೇಳೆಕಟ್ಟು ಹೋಗಿತ್ತು. ನೀರು ತಗುಲಿದೆ, ವಾರಂಟಿ ಬರಲ್ಲ ಅಂದುಬಿಟ್ಟರು. ಅಡುಗೆಮನೆಗೆ ಅಂತಲೇ ಮಾರುವ ವಸ್ತುವಿಗೆ ನೀರು ತಗುಲಬಾರದು ಅಂದರೆ ಹೇಗೆ? ಈ ಕೋಪ ಇನ್ನೂ ಹೋಗಿಲ್ಲ. ಎರಡನೆಯದನ್ನು ತೆಳು ಪ್ಲಾಸ್ಟಿಕ್ ಕವರಿನೊಳಗೆ ಇಟ್ಟೇ ಬಳಸುತ್ತೇನೆ, ಎರಡು ವರ್ಷ ದಾಟಿದೆ. ಎರಡು ನಿಮಿಷ ಸುಮ್ನೆ ಬಿಟ್ಟರೆ ಆಫ್ ಆಗುತ್ತದೆ, ತೂಕ ಮತ್ತೆ ಮೊದಲಿಂದ. ಸೆಲ್ ಇಳಿಯುತ್ತಾ ಬಂದಾಗ ಅಂಕಿ ತಪ್ಪು ತೋರಿಸುತ್ತದೆ, ಗೊತ್ತೇ ಆಗುವುದಿಲ್ಲ. ತಿಂಗಳಿಗೊಮ್ಮೆ ಬೀದಿ ಕೊನೆಯ ಅಂಗಡಿಗೆ ತಗೊಂಡು ಹೋಗಿ, ಅವರ ಮುದ್ರೆ ಒತ್ತಿದ 200 ಗ್ರಾಂ ತೂಕದ ಬಟ್ಟು ಇಟ್ಟು ನೋಡುತ್ತೇನೆ. ಒಮ್ಮೆ 211 ತೋರಿಸಿತ್ತು. ಸೆಲ್ ಬದಲಿಸಿದ ಮೇಲೆ ಸರಿಹೋಯಿತು.

ಇದು ತೂಕ ಹೇಳುತ್ತದೆ, ಒಳಗೆ ಏನಿದೆ ಅಂತ ಹೇಳುವುದಿಲ್ಲ. ಬಿಪಿಗೆ ಒಳ್ಳೇದು ಅಂತ ನೆಂಟರೊಬ್ಬರು ಕಡಿಮೆ ಸೋಡಿಯಂ ಇರುವ ಉಪ್ಪಿನ ಪ್ಯಾಕೆಟ್ ತಂದುಕೊಟ್ಟರು. ಅಂಥ ಉಪ್ಪಿನಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಕ್ಲೋರೈಡ್ ಹಾಕಿರುತ್ತಾರೆ. ಕಿಡ್ನಿ ರೋಗಿಗೆ ಅದು ಅಪಾಯ. ಧಾರೆಹುಳಿ ಹಣ್ಣಂತೂ (ಸ್ಟಾರ್ ಫ್ರೂಟ್) ಒಂದು ಚೂರೂ ಬೇಡ, ಅದರ ವಿಷ ಹೊರಹಾಕಲು ಇವರ ಕಿಡ್ನಿಗೆ ಆಗದೆ ಮಿದುಳಿಗೇ ತೊಂದರೆಯಾಗುತ್ತದೆ. ಒಂದು ಬೇಸಿಗೆಯಲ್ಲಿ ನೋಡಲು ಬಂದವರೆಲ್ಲ ಎಳನೀರು ತಂದರು, ಅಮ್ಮ ನಾನಿಲ್ಲದಾಗ ಎರಡು ದಿನ ಕುಡಿದಿದ್ದಳು. ಪೊಟ್ಯಾಸಿಯಂ 6.4ಕ್ಕೆ ಹೋಗಿತ್ತು. ಐದರೊಳಗೆ ಇರಬೇಕಾದದ್ದು. ಹೃದಯ ನಿಂತುಹೋಗಬಹುದಿತ್ತು ಅಂತ ಡಾಕ್ಟರ್ ಹೇಳಿದಾಗ ನನ್ನ ಕೈಕಾಲು ತಣ್ಣಗಾದವು. ಕಿಡ್ನಿ ರೋಗಿಯನ್ನು ನೋಡಲು ಹೋಗುವವರು ಎಳನೀರು, ಬಾಳೆಹಣ್ಣು ತಗೊಂಡು ಹೋಗಬೇಡಿ. ಹೂವು ಕೊಡಿ, ಸಾಕು.

ತಗೊಳ್ಳುವುದಾದರೆ ಅಂಕಿ ದೊಡ್ಡದಾಗಿ, ಬೆಳಕಿನ ಜೊತೆ ಕಾಣುವಂಥದ್ದು ನೋಡಿ. ವಯಸ್ಸಾದವರು ತಾವೇ ತೂಗಿಕೊಳ್ಳಬಹುದು. ಪೆನ್ಸಿಲ್ ಸೆಲ್ ಹಾಕುವುದು ಒಳ್ಳೆಯದು, ಯಾವ ಹಳ್ಳಿಯಲ್ಲೂ ಸಿಗುತ್ತದೆ. ಮೊಬೈಲ್ ಆಪ್ ಇರುವುದಕ್ಕೆ ಜಾಸ್ತಿ ದುಡ್ಡು ಕೊಡಬೇಕಿಲ್ಲ.

ಈ ಸಲ ಗೌರಿ ಹಬ್ಬಕ್ಕೆ ಅಮ್ಮ ಒಂದು ರಾತ್ರಿಯ ಮಟ್ಟಿಗೆ ಮದ್ದೂರಿಗೆ, ತವರಿಗೆ ಹೋಗಿದ್ದಳು. ಸ್ಕೇಲನ್ನು ಟವೆಲಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡದ್ದು ಅವಳೇ. ರಾತ್ರಿ ಫೋನ್ ಮಾಡಿ, "ಒಬ್ಬಟ್ಟು ಒಂದು 84 ಬಂತು ಮಗ, ನಿಮ್ಮತ್ತೆ ಅರ್ಧ ಮುರಿದು 42 ಕೊಟ್ಟಳು, ತಿಂದೆ" ಅಂದಳು.