ರೊಟ್ಟಿ ಅಂಗಡಿಯ ಚೂರಿನ ಪಾಕೀಟು ಒಯ್ಯಬಹುದೇ?

ಧಾರವಾಡ ಸೂಪರ್ ಮಾರ್ಕೆಟ್ ಕಡೆಯ ಒಂದು ರೊಟ್ಟಿ ಅಂಗಡಿಯಲ್ಲಿ ಖಡಕ್ ರೊಟ್ಟಿಯ ಪಕ್ಕದಲ್ಲೇ ಮುರಿದ ಚೂರುಗಳ ಅರ್ಧ ಕಿಲೋ ಪಾಕೀಟೂ ಸಿಗುತ್ತದೆ, ಸಾಕಷ್ಟು ಅಗ್ಗಕ್ಕೆ. ಮಾಲು ಅದೇ. ಜೋಳದ ಹಿಟ್ಟಿಗೆ ಗೋದಿಯ ಜಿಗುಟಿಲ್ಲ. ತೆಳ್ಳಗೆ ಬಡಿದು ಒಣಗಿಸಿದ ರೊಟ್ಟಿ ಕಟ್ಟು ಎತ್ತಿಡುವಾಗಲೇ ಮುರಿಯುತ್ತದೆ. ಪಂಕ್ತಿಯಲ್ಲಿ ಬಡಿಸಲು ಬಾರದು, ಅಷ್ಟೇ.

ಚೂರನ್ನು ಬೆರಳಲ್ಲಿ ಒತ್ತಿದರೆ ಚಟ್ ಎನ್ನಬೇಕು. ಬಾಗಿದರೆ ತೇವ ಹಿಡಿದಿದೆ ಎಂದೇ ಲೆಕ್ಕ, ಮಳೆಗಾಲದಲ್ಲಿ ಇದು ಮಾಮೂಲು. ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಎರಡು ಮೂರು ನಿಮಿಷ ಕಾಯಿಸಿ, ಪೂರ್ತಿ ಆರಿದ ಮೇಲೆ ಸ್ಟೀಲ್ ಡಬ್ಬಿಗೆ ಹಾಕಿ. ಬಿಸಿ ಇರುವಾಗಲೇ ಮುಚ್ಚಿದರೆ ಹಬೆ ಒಳಗೇ ಉಳಿದು ಮತ್ತೆ ಮೆತ್ತಗಾಗುತ್ತದೆ. ಬೂಷ್ಟು ಕಂಡರೆ ಮಾತ್ರ ಇಡೀ ಪಾಕೀಟು ಹೊರಗೆ; ಅದರ ವಿಷ ಹಂಚಿನ ಕಾವಿಗೆ ಹೋಗುವುದಿಲ್ಲ.

ತಕರಾರು ಎರಡು. ಪಾಕೀಟಿನ ಮೇಲೆ ತಯಾರಿಸಿದ ತಾರೀಖಿಲ್ಲ. ಜೋಳದ ಚೂರಿನ ಜೊತೆ ಎಳ್ಳು ಹಚ್ಚಿದ ಸಜ್ಜೆಯದನ್ನೂ ಬೆರೆಸಿರುತ್ತಾರೆ. ಸಜ್ಜೆಯಲ್ಲೂ ಎಳ್ಳಿನಲ್ಲೂ ಎಣ್ಣೆಯಂಶ ಹೆಚ್ಚು, ಬೇಗ ಕಮಟು ಹಿಡಿಯುತ್ತದೆ. ಮನೆಗೆ ತಂದ ಕೂಡಲೇ ಆರಿಸಿ, ಸಜ್ಜೆಯದನ್ನು ಮೊದಲು ಖರ್ಚು ಮಾಡಿ.

ಇದರಿಂದ ಒಗ್ಗರಣಿ ರೊಟ್ಟಿ ಬಲು ಚೆನ್ನಾಗಿ ಆಗುತ್ತದೆ. ಇಬ್ಬರಿಗೆ 150 ಗ್ರಾಂ ಚೂರು, ಮುಕ್ಕಾಲು ಬಟ್ಟಲು ಹುಳಿ ಮಜ್ಜಿಗೆ. ಮಜ್ಜಿಗೆಯನ್ನು ಚಿಮುಕಿಸಿ ಐದು ನಿಮಿಷ ಮುಚ್ಚಿಡಬೇಕು, ಚೂರನ್ನೇ ಅದರಲ್ಲಿ ಮುಳುಗಿಸಬಾರದು. ಮುಳುಗಿಸಿದರೆ ಗಂಜಿಯೇ ಗತಿ. ಸಾಸಿವೆ, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆಗೆ ಹೆಚ್ಚಿದ ಎರಡು ಉಳ್ಳಾಗಡ್ಡಿ ಹಾಕಿ ಬಾಡಿಸಿ, ಚೂರು ಸೇರಿಸಿ ಎರಡು ನಿಮಿಷ ಮೆಲ್ಲಗೆ ತಿರುವಿ. ಉಪ್ಪು ಕಡೆಗೆ, ರುಚಿ ನೋಡಿಯೇ, ಯಾಕೆಂದರೆ ಕೆಲವರು ರೊಟ್ಟಿ ಹಿಟ್ಟಿಗೇ ಉಪ್ಪು ಹಾಕಿರುತ್ತಾರೆ.

ನಿನ್ನೆಯ ಎಣ್ಣೆಗಾಯಿ ರಸ ಉಳಿದಿದ್ದರೆ ಚೆನ್ನಾಗಿ ಕುದಿಸಿ ತಟ್ಟೆಯಲ್ಲೇ ಚೂರಿನ ಮೇಲೆ ಸುರಿದುಕೊಳ್ಳಿ.

ಪಾಕೀಟಿನ ತಳದ ಹುಡಿಯನ್ನು ಜರಡಿ ಹಿಡಿದು ಬೇರೆ ಇಡಿ. ನೀರಾದ ಬೇಳೆ ಸಾರಿಗೆ ಬಟ್ಟಲಿಗೊಂದು ಚಮಚ ಸಾಕು. ಆಗಲೇ ಬೆಂದ ಹಿಟ್ಟಾದ್ದರಿಂದ ಬೇಗ ಉಬ್ಬುತ್ತದೆ, ಹಾಗಾಗಿ ಒಲೆ ಆರಿಸುವ ಮೊದಲಷ್ಟೇ ಹಾಕಬೇಕು. ಮೊದಲೇ ಹಾಕಿ ಕುದಿಸಿದರೆ ಸಾರು ತಳ ಹಿಡಿಯುತ್ತದೆ.