ಟೆಸ್ಟೋಸ್ಟಿರಾನ್ ಜೆಲ್ (ಶೇ. 1, 5 ಗ್ರಾಂ ಸ್ಯಾಶೆ): ಮೂರು ವರ್ಷ ದಿನವೂ ಹಚ್ಚಿದ ಮೇಲಿನ ವಿಮರ್ಶೆ

ಊರು: ತುಮಕೂರು. ಪ್ರಮಾಣ: ದಿನಕ್ಕೊಂದು ಸ್ಯಾಶೆ, ಬೆಳಿಗ್ಗೆ. ಅಂಕ: 5ಕ್ಕೆ 4.

ಗಂಡಸುತನದ ಹಾರ್ಮೋನ್ ಟೆಸ್ಟೋಸ್ಟಿರಾನ್ ಕಡಿಮೆಯಿರುವವರಿಗೆ ಕೊಡುವ ಈ ಜೆಲ್ ಕೆಲಸ ಮಾಡುತ್ತದೆ. ತಿಂಗಳಾದರೂ ಏನೂ ಆಗಲಿಲ್ಲ ಎನಿಸಿದರೆ ಔಷಧಿಯನ್ನು ದೂರುವ ಮೊದಲು ಮೂರು ವಿಷಯ ನೋಡಿ: ಎಲ್ಲಿ ಹಚ್ಚಿದಿರಿ, ಯಾವಾಗ ಹಚ್ಚಿದಿರಿ, ರಕ್ತ ಯಾವಾಗ ಕೊಟ್ಟಿರಿ. ಒಂದು ಅಂಕ ಕಡಿಮೆ ಮಾಡಿದ್ದಕ್ಕೆ ಕಾರಣ ಎರಡು. ಚುಚ್ಚುಮದ್ದಿಗಿಂತ ಖರ್ಚು ಜಾಸ್ತಿ. ಅದಕ್ಕಿಂತ ಮುಖ್ಯವಾಗಿ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ದಿನವೂ ಎಚ್ಚರದಿಂದ ಇರಬೇಕು.

ಎಲ್ಲರೂ ಕ್ರೀಮ್ ಎನ್ನುತ್ತಾರೆ. ಆದರೆ ನಮ್ಮ ಕಡೆ ಮೆಡಿಕಲ್ ಸ್ಟೋರಿನಲ್ಲಿ ಡಾಕ್ಟರ ಚೀಟಿಗೆ ಕೊಡುವುದು ಜೆಲ್. ಇದರಲ್ಲಿ ಆಲ್ಕೋಹಾಲ್ ಇರುತ್ತದೆ. ಅದು ಆರುತ್ತಾ ಹಾರ್ಮೋನನ್ನು ಚರ್ಮದ ಮೇಲ್ಪದರಕ್ಕೆ ಇಳಿಸುತ್ತದೆ, ಆ ಪದರ ಅದನ್ನು ಹಿಡಿದಿಟ್ಟುಕೊಂಡು ದಿನವಿಡೀ ಸ್ವಲ್ಪಸ್ವಲ್ಪವಾಗಿ ರಕ್ತಕ್ಕೆ ಬಿಡುತ್ತದೆ. 5 ಗ್ರಾಂ ಜೆಲ್‌ನಲ್ಲಿ ಹಾರ್ಮೋನ್ 50 ಮಿ.ಗ್ರಾಂ. ಒಳಗೆ ಹೋಗುವುದು ಸುಮಾರು ಹತ್ತನೇ ಒಂದು ಭಾಗ, ಅಂದರೆ 5 ಮಿ.ಗ್ರಾಂ. ಆರೋಗ್ಯವಂತ ಗಂಡಸಿನ ದೇಹ ಒಂದು ದಿನದಲ್ಲಿ ತಯಾರಿಸುವುದೂ ಹೆಚ್ಚುಕಡಿಮೆ ಅಷ್ಟೇ. ಆಸ್ಟ್ರೇಲಿಯಾದಲ್ಲಿ ಸಿಗುವ ಶೇ. 5ರ ಕ್ರೀಮ್‌ನಲ್ಲಾದರೆ 1 ಮಿ.ಲೀ.ನಲ್ಲೇ 50 ಮಿ.ಗ್ರಾಂ ಇರುತ್ತದೆ. ಹೊರದೇಶದವರು ಬರೆದ ಅಳತೆಯನ್ನು ಇಲ್ಲಿಯ ಸ್ಯಾಶೆಗೆ ಹೊಂದಿಸಲು ಹೋದರೆ ಐದು ಪಟ್ಟು ಎಡವಟ್ಟಾಗುತ್ತದೆ. ಕೆಲವು ಕ್ರೀಮ್‌ಗಳನ್ನು ವೃಷಣದ ಚರ್ಮಕ್ಕೆ ಹಚ್ಚುವ ಕ್ರಮವಿದೆ. ಅಲ್ಲಿಯ ಚರ್ಮ ತೆಳು, ಬೇರೆ ಕಡೆಗಿಂತ ಹಲವು ಪಟ್ಟು ಹೀರುತ್ತದೆ. ಅದನ್ನು ಓದಿಕೊಂಡು ಆಲ್ಕೋಹಾಲ್ ಜೆಲ್ಲನ್ನು ಅಲ್ಲಿ ಹಚ್ಚಬೇಡಿ. ಉರಿಯೂ ಬರುತ್ತದೆ, ಪ್ರಮಾಣವೂ ಕೈತಪ್ಪುತ್ತದೆ.

ಶುರು ಮಾಡುವ ಮೊದಲು ಒಂದು ಮಾತು. ಸುಸ್ತು, ಆಸಕ್ತಿ ಇಲ್ಲ ಎಂದು ಒಂದೇ ಒಂದು ಸಂಜೆಯ ರಿಪೋರ್ಟ್ ಹಿಡಿದು ಜೆಲ್ ಕೇಳಬೇಡಿ. ಬೆಳಿಗ್ಗೆ 8ರಿಂದ 10ರ ಒಳಗೆ, ಬೇರೆ ಬೇರೆ ಎರಡು ದಿನ ಮಾಡಿಸಿದ ಪರೀಕ್ಷೆಯಲ್ಲಿ ಕಡಿಮೆ ಬಂದರೆ ಮಾತ್ರ ಅದು ಲೆಕ್ಕಕ್ಕೆ. ಡೆಸಿಲೀಟರಿಗೆ 300 ನ್ಯಾನೋಗ್ರಾಂ ಎಂಬುದು ಹೆಚ್ಚು ಬಳಕೆಯಲ್ಲಿರುವ ಗಡಿ. ಕೆಲವು ಲ್ಯಾಬ್‌ಗಳು ಮಿಲಿಲೀಟರಿನ ಲೆಕ್ಕದಲ್ಲಿ 3 ಎಂದು ಬರೆಯುತ್ತವೆ, ಎರಡೂ ಒಂದೇ. ಜೊತೆಗೆ ವೃಷಣಕ್ಕೆ ಸಂಕೇತ ಕೊಡುವ ಎಲ್‌ಎಚ್, ಎಫ್‌ಎಸ್‌ಎಚ್ ಹಾರ್ಮೋನ್‌ಗಳ ಪರೀಕ್ಷೆ ಮಾಡಿಸಿದರೆ ಕೊರತೆ ವೃಷಣದ್ದೋ, ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯದೋ ಗೊತ್ತಾಗುತ್ತದೆ.

ಮಕ್ಕಳು ಬೇಕೆನ್ನುವವರಿಗೆ ಇದು ಔಷಧಿಯಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಹೊರಗಿನಿಂದ ಹಾರ್ಮೋನ್ ಬಂದರೆ ಪಿಟ್ಯುಟರಿ ತನ್ನ ಸಂಕೇತ ನಿಲ್ಲಿಸುತ್ತದೆ, ವೃಷಣದೊಳಗಿನ ಉತ್ಪಾದನೆ ಕುಸಿಯುತ್ತದೆ, ವೀರ್ಯಾಣು ಕಡಿಮೆಯಾಗುತ್ತಾ ಕೆಲವರಲ್ಲಿ ಪೂರ್ತಿ ಇಲ್ಲವಾಗುತ್ತದೆ. ಮದುವೆಯಾಗಿ ಎರಡು ವರ್ಷವಾದರೂ ಮಗುವಾಗಲಿಲ್ಲ ಎಂದು ಗಂಡಸುತನದ ಹಾರ್ಮೋನ್ ಹಚ್ಚಿಕೊಂಡರೆ ಇದ್ದ ದಾರಿಯೂ ಮುಚ್ಚುತ್ತದೆ. ಬಿಟ್ಟ ಮೇಲೆ ಮೊದಲಿನಂತಾಗಲು ತಿಂಗಳುಗಟ್ಟಲೆ ಬೇಕು. ಅಂಥವರಿಗೆ ವೃಷಣಗಳಿಂದಲೇ ಕೆಲಸ ಮಾಡಿಸುವ ಎಚ್‌ಸಿಜಿ ಇಂಜೆಕ್ಷನ್, ಕ್ಲೋಮಿಫೀನ್‌ನಂಥ ಔಷಧಿಗಳಿವೆ. ಡಾಕ್ಟರ ಮುಂದೆ ಕೂತಾಗ ಈ ವಿಷಯವನ್ನು ನಾಚಿಕೆ ಬಿಟ್ಟು ಮೊದಲೇ ಹೇಳಿ.

ಇನ್ನು ಹಚ್ಚುವ ಕ್ರಮ. ಸ್ನಾನ ಮುಗಿಸಿ ಮೈ ಪೂರ್ತಿ ಒರೆಸಿಕೊಂಡ ಮೇಲೆ ಹಚ್ಚಬೇಕು. ಭುಜ, ರಟ್ಟೆ ಅಥವಾ ಹೊಟ್ಟೆಯ ಚರ್ಮ ಸರಿಯಾದ ಜಾಗ. ಎದೆ, ಬೆನ್ನು ಬೇಡ. ಸ್ಯಾಶೆಯ ತುದಿ ಪೂರ್ತಿ ಕತ್ತರಿಸಿ, ಕೆಳಗಿನಿಂದ ಮೇಲಕ್ಕೆ ಹಿಂಡಿ. ಮೂಲೆಯಲ್ಲಿ ಉಳಿಯುವುದೂ ಔಷಧಿಯೇ. ಅಂಗೈಗೆ ಹಾಕಿಕೊಂಡು ಎರಡೂ ಭುಜಗಳಿಗೆ ತೆಳ್ಳಗೆ, ಅಗಲವಾಗಿ ಸವರಿ. ತಿಕ್ಕುವ ಅಗತ್ಯವಿಲ್ಲ. ಚಿಕ್ಕ ಜಾಗದಲ್ಲಿ ದಪ್ಪಗೆ ಮೆತ್ತಿದರೆ ಒಳಗೆ ಹೋಗುವುದು ಕಡಿಮೆ, ಬಟ್ಟೆಗೆ ಹೋಗುವುದು ಜಾಸ್ತಿ. ಐದು ನಿಮಿಷ ಆರಲು ಬಿಡಿ. ಅಷ್ಟು ಹೊತ್ತು ದೇವರ ಮನೆಯ ದೀಪ, ಊದುಬತ್ತಿ, ಗ್ಯಾಸ್ ಒಲೆ, ಬೀಡಿ ಯಾವುದರ ಹತ್ತಿರವೂ ಹೋಗಬೇಡಿ. ಒದ್ದೆ ಜೆಲ್‌ಗೆ ಬೆಂಕಿ ಹತ್ತುತ್ತದೆ. ಸ್ನಾನವಾದ ತಕ್ಷಣ ದೀಪ ಹಚ್ಚುವ ಪದ್ಧತಿ ಇರುವವರು ಪೂಜೆ ಮುಗಿಸಿಯೇ ಜೆಲ್ ಹಚ್ಚುವುದು ಒಳ್ಳೆಯದು.

ಆಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಆಳದ ಕೊಳವೆಬಾವಿಯ ಗಡಸು ನೀರಿನಲ್ಲಿ ಸೋಪು ನೊರೆ ಕಟ್ಟುವುದೇ ಕಷ್ಟ. ಒಂದು ಸಲ ತೊಳೆದರೆ ಸಾಲದು, ಎರಡು ಸಲ ತೊಳೆಯಿರಿ, ಉಗುರಿನ ಸಂದಿ, ಉಂಗುರದ ಕೆಳಗೆ ಸಹ. ಹಚ್ಚಿದ ಜಾಗಕ್ಕೆ ಐದಾರು ಗಂಟೆ ನೀರು ತಾಗಿಸಬಾರದು. ಬೆಳಿಗ್ಗೆ ತೋಟಕ್ಕೆ ಹೋಗಿ ಬೆವರು ಸುರಿಸಿ ಬಂದು ಹತ್ತು ಗಂಟೆಗೆ ಸ್ನಾನ ಮಾಡುವವರು ಆ ಸ್ನಾನದ ನಂತರ ಹಚ್ಚಲಿ. ಎಣ್ಣೆ ಸ್ನಾನದ ದಿನ ಸೀಗೆಪುಡಿಯಲ್ಲಿ ಜಿಡ್ಡು ಪೂರ್ತಿ ಹೋಗಬೇಕು, ಇಲ್ಲದಿದ್ದರೆ ಜೆಲ್ ಎಣ್ಣೆಯ ಮೇಲೆಯೇ ತೇಲುತ್ತದೆ. ಚರ್ಮ ಒಣಗುವವರು ಕೊಬ್ಬರಿ ಎಣ್ಣೆಯನ್ನು ಸಂಜೆಗೆ ಇಟ್ಟುಕೊಳ್ಳಿ. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗುವವರು ಕಡೇ ಪಕ್ಷ ಐದು ನಿಮಿಷ ಮೊದಲು ಹಚ್ಚಿ, ಆರಿದ ಮೇಲೆ ಅಂಗಿ ತೊಟ್ಟು ಹೊರಡಿ.

ಮಕ್ಕಳ ವಿಷಯಕ್ಕೆ ಬರೋಣ. 2009ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಜೆಲ್‌ಗಳ ಮೇಲೆ ಅತಿ ಗಂಭೀರ ಎಚ್ಚರಿಕೆ ಮುದ್ರಿಸಲು ಹೇಳಿದ್ದು ಇದೇ ಕಾರಣಕ್ಕೆ. ದೊಡ್ಡವರ ಮೈಯಿಂದ ಮಕ್ಕಳ ಮೈಗೆ ಹಾರ್ಮೋನ್ ಅಂಟಿ, ಚಿಕ್ಕ ಮಕ್ಕಳಲ್ಲಿ ಗುಪ್ತಾಂಗ ಬೆಳೆದದ್ದು, ಕೂದಲು ಬಂದದ್ದು, ಎಲುಬಿನ ವಯಸ್ಸು ಮುಂದೆ ಓಡಿದ್ದು ವರದಿಯಾಗಿತ್ತು. ಸಂಪರ್ಕ ನಿಲ್ಲಿಸಿದ ಮೇಲೆ ಹೆಚ್ಚಿನವು ಇಳಿದರೂ ಎಲ್ಲವೂ ಪೂರ್ತಿ ಮೊದಲಿನಂತಾಗಲಿಲ್ಲ. ನಮ್ಮ ಮನೆಗಳಲ್ಲಿ ಇದು ಆಗುವ ದಾರಿ ಬಹಳ ಸುಲಭ. ಹೊರಗಿನಿಂದ ಬಂದು ಅಂಗಿ ಬಿಚ್ಚಿ, ಬನಿಯನ್ ಮತ್ತು ಪಂಚೆಯಲ್ಲಿ ಜಗಲಿ ಮೇಲೆ ಕೂತರೆ ಭುಜ, ರಟ್ಟೆ ಎರಡೂ ತೆರೆದೇ ಇರುತ್ತವೆ. ಮೊಮ್ಮಗು ಬಂದು ಭುಜಕ್ಕೆ ಕೆನ್ನೆ ಇಟ್ಟು ಮಲಗುತ್ತದೆ. ಮನೆಗೆಲ್ಲ ಒಂದೇ ಟವಲು. ಬೇಸಿಗೆಯಲ್ಲಿ ಎಲ್ಲರೂ ಒಂದೇ ಚಾಪೆಯಲ್ಲಿ ಮಲಗುವುದು.

ಅದಕ್ಕೆ ಹೀಗೆ ಮಾಡಿ: ಮನೆಯಲ್ಲಿ ತೋಳಿರುವ ಬನಿಯನ್ ಅಥವಾ ಟೀ ಶರ್ಟು. ಟವಲು ಬೇರೆ. ಮಗುವನ್ನು ಎತ್ತಿಕೊಳ್ಳುವ ಮೊದಲು, ಹೆಂಡತಿಯ ಪಕ್ಕ ಮಲಗುವ ಮೊದಲು ಹಚ್ಚಿದ ಜಾಗವನ್ನು ಸೋಪಿನಿಂದ ತೊಳೆದುಕೊಳ್ಳಿ. ಸಂಜೆ ಹೊತ್ತಿಗೆ ತೊಳೆದರೆ ಔಷಧಿಗೇನೂ ನಷ್ಟವಿಲ್ಲ. ಬಸುರಿ ಹೆಂಗಸರು ಜೆಲ್ಲನ್ನಾಗಲಿ, ಒಗೆಯದ ಆ ಅಂಗಿಯನ್ನಾಗಲಿ ಮುಟ್ಟಬಾರದು. ಹೊಟ್ಟೆಯಲ್ಲಿ ಹೆಣ್ಣು ಮಗುವಿದ್ದರೆ ಅಪಾಯ. ಕೂಸು ಇರುವ ಮನೆಯಲ್ಲಿ ಇದನ್ನು ಪಾಲಿಸಲು ಸಾಧ್ಯವಿಲ್ಲ ಎನಿಸಿದರೆ ಸಂಕೋಚವಿಲ್ಲದೆ ಚುಚ್ಚುಮದ್ದಿಗೆ ಬದಲಾಯಿಸಿಕೊಳ್ಳಿ. ಮಗುವಿನಲ್ಲಿ ಯಾವುದಾದರೂ ಬದಲಾವಣೆ ಕಂಡರೆ ಮಕ್ಕಳ ಡಾಕ್ಟರಿಗೆ ಈ ಜೆಲ್ ಹೆಸರು ಹೇಳಲೇಬೇಕು. ಹೇಳದಿದ್ದರೆ ಅವರು ಬೇರೆಲ್ಲ ಕಡೆ ಕಾರಣ ಹುಡುಕುತ್ತಾ ಹೋಗುತ್ತಾರೆ.

ರಕ್ತ ಪರೀಕ್ಷೆಯಲ್ಲಿ ಆಗುವಷ್ಟು ಗೊಂದಲ ಬೇರೆಲ್ಲೂ ಆಗುವುದಿಲ್ಲ. ಶುರು ಮಾಡಿದ ಒಂದೆರಡು ವಾರದ ಮೇಲೆ ಮಟ್ಟ ನೋಡಬಹುದು. ಹಾರ್ಮೋನ್ ತಜ್ಞರ ಸಂಘವಾದ ಎಂಡೊಕ್ರೈನ್ ಸೊಸೈಟಿಯ 2018ರ ಮಾರ್ಗಸೂಚಿಯ ಪ್ರಕಾರ ಜೆಲ್ ಹಚ್ಚಿದ 2ರಿಂದ 8 ಗಂಟೆಯೊಳಗೆ ರಕ್ತ ಕೊಡಬೇಕು. ಆದರೆ ಮನೆಗೆ ಬಂದು ರಕ್ತ ತೆಗೆಯುವ ಲ್ಯಾಬಿನ ಹುಡುಗ ಬರುವುದು ಬೆಳಿಗ್ಗೆ ಆರೂವರೆಗೆ. ಆಗ ಇನ್ನೂ ಜೆಲ್ ಹಚ್ಚಿರುವುದಿಲ್ಲ, ಬರುವ ಅಂಕಿ ಹಿಂದಿನ ದಿನದ ಹಚ್ಚುವಿಕೆಯ ತಳಮಟ್ಟ. ಅದೂ ಉಪಯೋಗದ್ದೇ. ಆದರೆ ಒಂದು ಸಲ ಹಾಗೆ, ಇನ್ನೊಂದು ಸಲ ಹೀಗೆ ಕೊಟ್ಟು ಎರಡನ್ನೂ ಹೋಲಿಸಿದರೆ ಪ್ರಮಾಣ ಸುಮ್ಮನೆ ಏರಿಳಿಯುತ್ತದೆ. ಪ್ರತಿ ಸಲ ಒಂದೇ ಹೊತ್ತು ಇಟ್ಟುಕೊಂಡು, ರಿಪೋರ್ಟಿನ ಮೇಲೆ ಪೆನ್ನಿನಲ್ಲಿ "ಹಚ್ಚಿದ್ದು 7 ಗಂಟೆ, ರಕ್ತ 11 ಗಂಟೆ" ಎಂದು ಬರೆದಿಡಿ. ಡಾಕ್ಟರಿಗೆ ಅದೊಂದು ಸಾಲು ಬಹಳ ಸಹಾಯ ಮಾಡುತ್ತದೆ.

ಇನ್ನೊಂದು ತಪ್ಪು: ಜೆಲ್ ಹಚ್ಚಿದ ತೋಳಿನಿಂದಲೇ ರಕ್ತ ತೆಗೆಸುವುದು. ಸೂಜಿ ಚರ್ಮದ ಮೇಲಿನ ಜೆಲ್ಲನ್ನು ಹಾದು ಹೋದರೆ ಅಂಕಿ ಎಲ್ಲಿಗೋ ಹಾರುತ್ತದೆ. ಪರೀಕ್ಷೆಯ ಹಿಂದಿನ ಎರಡು ಮೂರು ದಿನ ಹೊಟ್ಟೆಗೆ ಹಚ್ಚಿಕೊಂಡರೆ ಈ ತಾಪತ್ರಯವೇ ಇಲ್ಲ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುವವರು ಎರಡು ದಿನ ಮೊದಲೇ ನಿಲ್ಲಿಸಿ. ಕೆಲವು ಯಂತ್ರಗಳಲ್ಲಿ ಅದರಿಂದ ಟೆಸ್ಟೋಸ್ಟಿರಾನ್ ಇಲ್ಲದಷ್ಟು ಹೆಚ್ಚು ತೋರಿಸುತ್ತದೆ.

ಮಟ್ಟ ನಿಜವಾಗಿಯೂ ಕಡಿಮೆಯಿದ್ದರೆ ಡಾಕ್ಟರು 7.5 ಗ್ರಾಂ, ಆಮೇಲೆ 10 ಗ್ರಾಂವರೆಗೂ ಏರಿಸುತ್ತಾರೆ. ಅರ್ಧ ಸ್ಯಾಶೆ ಉಳಿಸಿ ಮರುದಿನಕ್ಕೆ ಇಡುವ ಲೆಕ್ಕ ನಡೆಯುವುದಿಲ್ಲ. ತೆರೆದ ಸ್ಯಾಶೆಯಲ್ಲಿ ಆಲ್ಕೋಹಾಲ್ ಆರಿಹೋಗಿ ಜೆಲ್ ಗಟ್ಟಿಯಾಗುತ್ತದೆ. 10 ಗ್ರಾಂ ಹಚ್ಚಿಯೂ ಏರದವರಿದ್ದಾರೆ, ಅವರ ಚರ್ಮ ಹೀರುವುದಿಲ್ಲ. ಅವರಿಗೆ ಚುಚ್ಚುಮದ್ದೇ ಸರಿ.

ಪರಿಣಾಮಕ್ಕೆ ಅವಸರ ಬೇಡ. ಲೈಂಗಿಕ ಆಸಕ್ತಿ ಮೂರು ವಾರದ ಹೊತ್ತಿಗೆ, ಮನಸ್ಸಿನ ಲವಲವಿಕೆ ಮೂರರಿಂದ ಆರು ವಾರಕ್ಕೆ, ಸ್ನಾಯುವಿನ ಬದಲಾವಣೆ ಮೂರು ನಾಲ್ಕು ತಿಂಗಳಿಗೆ. ಎಲುಬು ಗಟ್ಟಿಯಾಗುವುದು ಕಾಣಲು ಆರು ತಿಂಗಳಾದರೂ ಬೇಕು. ನಿದ್ದೆಗೆಟ್ಟ ಸುಸ್ತು, ಸಕ್ಕರೆ ಕಾಯಿಲೆಯ ಸುಸ್ತು, ಥೈರಾಯ್ಡ್ ಸುಸ್ತು ಇದರಿಂದ ಹೋಗುವುದಿಲ್ಲ.

ಅಡ್ಡ ಪರಿಣಾಮಗಳಲ್ಲಿ ಮೊದಲು ಗಮನಿಸಬೇಕಾದ್ದು ರಕ್ತ ಮಂದವಾಗುವುದು. ರಿಪೋರ್ಟಿನಲ್ಲಿ ರಕ್ತದ ಕೆಂಪು ಕಣಗಳ ಪಾಲನ್ನು ಪಿಸಿವಿ ಅಥವಾ ಹಿಮಟೋಕ್ರಿಟ್ ಎಂದು ಬರೆದಿರುತ್ತಾರೆ. ಶುರುವಿಗೆ ಮೊದಲು, 3ರಿಂದ 6 ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ನೋಡಬೇಕು. ಶೇ. 54 ದಾಟಿದರೆ ಜೆಲ್ ನಿಲ್ಲಿಸಿ ಡಾಕ್ಟರನ್ನು ಕಾಣಬೇಕು. ಬೀಡಿ ಸಿಗರೇಟು ಸೇದುವವರಲ್ಲಿ, ಗೊರಕೆ ಹೊಡೆಯುತ್ತಾ ನಿದ್ದೆಯಲ್ಲಿ ಉಸಿರು ಕಟ್ಟುವವರಲ್ಲಿ ಇದು ಬೇಗ ಏರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ನೀರು ಕುಡಿಯದೆ ಹೋಗಿ ರಕ್ತ ಕೊಟ್ಟರೂ ಅಂಕಿ ಸ್ವಲ್ಪ ಮೇಲೆ ಬರುತ್ತದೆ, ಚೆನ್ನಾಗಿ ನೀರು ಕುಡಿದು ಇನ್ನೊಮ್ಮೆ ಮಾಡಿಸಿ. ವಯಸ್ಸಾದವರಿಗೆ ಪ್ರಾಸ್ಟೇಟ್ ಗ್ರಂಥಿಯ ಸ್ಥಿತಿ ತಿಳಿಸುವ ಪಿಎಸ್‌ಎ ರಕ್ತ ಪರೀಕ್ಷೆಯೂ ಬೇಕು. ಮೊದಲ ವರ್ಷದಲ್ಲಿ ಅದು ಮಿಲಿಲೀಟರಿಗೆ 1.4 ನ್ಯಾನೋಗ್ರಾಂಗಿಂತ ಹೆಚ್ಚು ಏರಿದರೆ ಮೂತ್ರಾಂಗದ ತಜ್ಞರಿಗೆ ತೋರಿಸಬೇಕು. ಹೃದಯದ ಭಯಕ್ಕೆ 2023ರಲ್ಲಿ ಪ್ರಕಟವಾದ ಟ್ರಾವರ್ಸ್ ಅಧ್ಯಯನ ಒಂದು ಮಟ್ಟಿಗೆ ಉತ್ತರ ಕೊಟ್ಟಿದೆ: 5,200ಕ್ಕೂ ಹೆಚ್ಚು ಗಂಡಸರಲ್ಲಿ, ಔಷಧಿಯಿಲ್ಲದ ಸುಳ್ಳು ಜೆಲ್‌ಗೆ ಹೋಲಿಸಿದರೆ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಲಿಲ್ಲ. ಆದರೆ ಹೃದಯದ ಲಯ ತಪ್ಪುವುದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು, ಮೂತ್ರಪಿಂಡದ ತೊಂದರೆ ಸ್ವಲ್ಪ ಹೆಚ್ಚು ಕಂಡವು. ಒಂದೇ ಕಾಲು ಊದಿ ನೋವಾದರೆ ಕಾಯದೆ ಡಾಕ್ಟರನ್ನು ಕಾಣಿ. ಬಿಪಿ ತಿಂಗಳಿಗೊಮ್ಮೆ ನೋಡಿಸಿಕೊಳ್ಳಿ. ವಾರ್ಫರಿನ್ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಅವುಗಳ ಪ್ರಮಾಣ ಬದಲಿಸಬೇಕಾಗಬಹುದು. ಮೊಡವೆ, ಹಚ್ಚಿದಲ್ಲಿ ತುರಿಕೆ ಸಣ್ಣವು. ಜಾಗ ಬದಲಿಸುತ್ತಾ ಹೋದರೆ ತುರಿಕೆ ತಗ್ಗುತ್ತದೆ. ವಂಶದಲ್ಲಿ ಬೋಳು ತಲೆ ಇದ್ದರೆ ಕೂದಲು ಬೇಗ ಉದುರಬಹುದು. ಚರ್ಮದಲ್ಲಿ ಹಾರ್ಮೋನಿನ ಒಂದು ಪಾಲು ಡಿಎಚ್‌ಟಿ ಎಂಬ ಇನ್ನೊಂದು ಹಾರ್ಮೋನ್ ಆಗಿ ಬದಲಾಗುವುದರಿಂದ ಹೀಗೆ.

ಟ್ರಾನ್ಸ್ ಪುರುಷರಿಗೂ (ಹುಟ್ಟಿದಾಗ ಹೆಣ್ಣೆಂದು ಗುರುತಿಸಿದ್ದರೂ ಗಂಡಸಾಗಿ ಬದುಕುವವರು) ಇದೇ ಜೆಲ್ ಕೊಡುತ್ತಾರೆ. ಚುಚ್ಚುಮದ್ದಿನ ಏರಿಳಿತ ಬೇಡವೆನ್ನುವವರಿಗೆ, ಬದಲಾವಣೆ ನಿಧಾನವಾಗಿ ಬರಲಿ ಎನ್ನುವವರಿಗೆ ಚೆನ್ನಾಗಿದೆ. ಮುಟ್ಟು ನಿಲ್ಲಲು ಕೆಲವು ತಿಂಗಳು ಬೇಕಾಗಬಹುದು. ನಿಂತ ಮೇಲೂ ಗರ್ಭ ನಿಲ್ಲುವ ಸಾಧ್ಯತೆ ಇರುತ್ತದೆ, ಇದನ್ನು ಗರ್ಭನಿರೋಧಕ ಎಂದುಕೊಳ್ಳಬೇಡಿ. ದಪ್ಪವಾದ ದನಿ ಜೆಲ್ ಬಿಟ್ಟರೂ ಹಿಂದಕ್ಕೆ ಹೋಗುವುದಿಲ್ಲ. ಲ್ಯಾಬಿನಲ್ಲಿ ಹೆಣ್ಣು ಎಂದು ನಮೂದಾಗಿದ್ದರೆ ಟೆಸ್ಟೋಸ್ಟಿರಾನ್, ಹಿಮೋಗ್ಲೋಬಿನ್ ಎಲ್ಲದರ ಮುಂದೆ "ಹೆಚ್ಚು" ಎಂಬ ಗುರುತು ಬರುತ್ತದೆ. ಗಾಬರಿಯಾಗದೆ ಗಂಡಸರ ಮಿತಿಯೊಂದಿಗೆ ಹೋಲಿಸಿ ನೋಡಲು ಡಾಕ್ಟರಿಗೆ ಹೇಳಿ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆಯ 15ನೇ ಸೆಕ್ಷನ್ ಹಾರ್ಮೋನ್ ಚಿಕಿತ್ಸೆಯ ಸೌಲಭ್ಯವನ್ನು ಸರ್ಕಾರದ ಹೊಣೆಯಾಗಿ ಹೇಳುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಕೇಳುವಾಗ ಆ ಸೆಕ್ಷನ್ ಸಂಖ್ಯೆ ನೆನಪಿರಲಿ.

ಚುಚ್ಚುಮದ್ದಿನ ಜೊತೆ ಹೋಲಿಕೆ: ಎರಡು ಮೂರು ವಾರಕ್ಕೊಮ್ಮೆ ಹಾಕಿಸುವ 250 ಮಿ.ಗ್ರಾಂ ಇಂಜೆಕ್ಷನ್‌ನಲ್ಲಿ ಮೊದಲ ದಿನಗಳಲ್ಲಿ ಉಬ್ಬರ, ಕೊನೆಯ ದಿನಗಳಲ್ಲಿ ಇಳಿತ. 1000 ಮಿ.ಗ್ರಾಂ ಅಂಡೆಕನೊಯೇಟ್ ಎಂಬ ಇನ್ನೊಂದು ಇಂಜೆಕ್ಷನ್ 10ರಿಂದ 14 ವಾರಕ್ಕೊಮ್ಮೆ, ಏರಿಳಿತ ಕಡಿಮೆ. ಆದರೆ ಒಮ್ಮೆ ಹಾಕಿಸಿದ ಮೇಲೆ ತೊಂದರೆಯಾದರೆ ತೆಗೆಯಲಾಗುವುದಿಲ್ಲ. ಜೆಲ್‌ನ ಗುಣ ಇಲ್ಲಿದೆ: ಇಂದು ನಿಲ್ಲಿಸಿದರೆ ಸುಮಾರು ಐದು ದಿನದಲ್ಲಿ ಮಟ್ಟ ಹಳೆಯ ಜಾಗಕ್ಕೆ ಇಳಿಯುತ್ತದೆ.

ಅದೇ ಅದರ ತೊಡಕೂ ಹೌದು: ನಡುವೆ ಸ್ಯಾಶೆ ಮುಗಿದರೆ ಮಟ್ಟ ಬೇಗ ಇಳಿದುಹೋಗುತ್ತದೆ. ತಾಲ್ಲೂಕು ಊರುಗಳ ಅಂಗಡಿಗಳಲ್ಲಿ ಇದನ್ನು ಸದಾ ಇಟ್ಟುಕೊಂಡಿರುವುದಿಲ್ಲ, ತರಿಸಿ ಕೊಡುತ್ತಾರೆ. ಶಿರಾ, ಪಾವಗಡ, ಗೌರಿಬಿದನೂರಿನಲ್ಲಿ ಇರುವವರು ಹತ್ತು ಸ್ಯಾಶೆ ಉಳಿದಿರುವಾಗಲೇ ಚೀಟಿ ತೋರಿಸಿ ಹೇಳಿಡಿ, ಯುಗಾದಿ, ದಸರಾ ರಜೆಗಳ ಮುಂಚೆ ಇನ್ನೂ ಬೇಗ. ಡಬ್ಬವನ್ನು ಶೀಟಿನ ಮನೆಯ ಅಟ್ಟದಲ್ಲಾಗಲಿ, ಬೈಕಿನ ಡಿಕ್ಕಿಯಲ್ಲಾಗಲಿ ಇಡಬೇಡಿ. ಮರದ ಬೀರುವಿನ ಮೇಲಿನ ಖಾನೆ ಸಾಕು, ಮಕ್ಕಳ ಕೈಗೆ ಎಟುಕುವುದಿಲ್ಲ. ಖಾಲಿ ಸ್ಯಾಶೆಯಲ್ಲೂ ಜೆಲ್ ಅಂಟಿರುತ್ತದೆ, ಮಡಚಿ ಕಾಗದದಲ್ಲಿ ಸುತ್ತಿ ಮುಚ್ಚಳವಿರುವ ಬುಟ್ಟಿಗೇ ಹಾಕಿ.